‘ಎರಡೂ ಒಂದೇ’ ಅಂದ ದಿನ: ಬಳ್ಳಾರಿಯ ಒಬ್ಬ ಕಟಿಂಗ್ ಮಾಸ್ಟರ್ ಪ್ರಕರಣ

ಈ ಪ್ರಕರಣದಲ್ಲಿ ತಪ್ಪು ಮಾಡಿದ್ದು ನಾನು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ತಂಬಾಕು ಬಿಡಿಸುವ ಆಪ್ತಸಮಾಲೋಚನೆಯ ಕೆಲಸದಲ್ಲಿ ನನಗೆ ಹಲವು ವರ್ಷ ಆಗಿದೆ. ಆದರೂ ಸಿಗರೇಟ್, ವೇಪ್ (ಬ್ಯಾಟರಿಯಿಂದ ನಡೆಯುವ ಇ-ಸಿಗರೇಟ್) ಎರಡೂ ಒಂದೇ ಅನ್ನುವ ಒಂದು ಸುಲಭದ ಮಾತು ಆಡಿ, 22 ತಿಂಗಳಿಂದ ಸಿಗರೇಟ್ ಮುಟ್ಟದ ಮನುಷ್ಯನನ್ನು ಮತ್ತೆ ಸಿಗರೇಟಿಗೆ ತಳ್ಳಿದೆ. ಅವರ ಒಪ್ಪಿಗೆ ತೆಗೆದುಕೊಂಡೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಿಸಿದ್ದೇನೆ. ಅವರ ಕಾರ್ಖಾನೆಯಲ್ಲಿ ಎಲ್ಲರೂ ಅವರನ್ನು ‘ಮಾಸ್ಟರ್’ ಅಂತಲೇ ಕರೆಯುವುದು, ನಾನೂ ಹಾಗೇ ಕರೆಯುತ್ತೇನೆ.

ಮಾಸ್ಟರ್‌ಗೆ ಆಗ 41 ವರ್ಷ. ಊರು ಬಳ್ಳಾರಿ. ಜೀನ್ಸ್ ಹೊಲಿಯುವ ಒಂದು ಸಣ್ಣ ಘಟಕದಲ್ಲಿ ಕಟಿಂಗ್ ಕೆಲಸ. ಬಳ್ಳಾರಿಯ ಜೀನ್ಸ್ ಅಂದರೆ ಹೊರಗಿನವರಿಗೆ ದೊಡ್ಡ ದೊಡ್ಡ ಫ್ಯಾಕ್ಟರಿ ಕಣ್ಣಿಗೆ ಬರಬಹುದು. ಹೆಚ್ಚಿನವು ಓಣಿಯೊಳಗಿನ ಮನೆಗಳೇ. ಒಂದು ಕಡೆ ಬಟ್ಟೆ ಕತ್ತರಿಸುತ್ತಾರೆ, ಇನ್ನೊಂದು ಓಣಿಯಲ್ಲಿ ಹೊಲಿಯುತ್ತಾರೆ, ಮತ್ತೆಲ್ಲೋ ವಾಷಿಂಗ್ ಆಗುತ್ತದೆ. ಇದರಲ್ಲಿ ಕಟಿಂಗ್ ಮಾಸ್ಟರ್‌ನ ಕೈ ತಪ್ಪಿದರೆ ಮುಂದಿನವರದ್ದೆಲ್ಲ ಕೆಟ್ಟಂತೆ. ಉದ್ದ ಮೇಜಿನ ಮೇಲೆ ಡೆನಿಮ್ ಬಟ್ಟೆಯನ್ನು ನಲವತ್ತು ಪದರ ಹಾಸಿ, ಮೇಲಿನ ಪದರಕ್ಕೆ ಚಾಕ್‌ಪೀಸಿನಲ್ಲಿ ಗೆರೆ ಹಾಕಿ, ಕರೆಂಟಿನ ಮಷಿನ್ ಹಿಡಿದು ಗೆರೆಗುಂಟ ತಳ್ಳುತ್ತಾ ಹೋಗಬೇಕು. ಬ್ಲೇಡು ನೆಟ್ಟಗೆ ನಿಂತಿರುತ್ತದೆ, ಅದರಿಂದ ನಾಲ್ಕು ಬೆರಳಿನಷ್ಟು ದೂರದಲ್ಲಿ ಇವರ ಎಡಗೈ.

19ನೇ ವಯಸ್ಸಿಗೆ ಸಿಗರೇಟ್ ಶುರುವಾಗಿತ್ತು. ಮೊದಲು ಟೀ ಜೊತೆಗೆ ಒಂದು, ಆಮೇಲೆ ಊಟವಾದ ಮೇಲೆ ಒಂದು. ಮದುವೆಯಾಗುವ ಹೊತ್ತಿಗೆ ದಿನಕ್ಕೆ 20 ದಾಟಿತ್ತು. ಪ್ಯಾಕ್ ಕೊಳ್ಳುತ್ತಿರಲಿಲ್ಲ. ಘಟಕದ ಎದುರಿಗೆ ಇರುವ ಡಬ್ಬಿ ಅಂಗಡಿಯಲ್ಲಿ ಒಂದೊಂದೇ ತೆಗೆದುಕೊಳ್ಳುತ್ತಿದ್ದರು. ಸಿಗರೇಟನ್ನು ಹಾಗೆ ಬಿಡಿಬಿಡಿಯಾಗಿ ಮಾರಬಾರದು ಅಂತ ಕರ್ನಾಟಕದಲ್ಲಿ 2017ರಲ್ಲೇ ಆದೇಶವಾಗಿದೆ. ಆದರೆ ಮಾರುವುದು ನಿಂತಿಲ್ಲ, ಅದು ಓದುವ ನಿಮಗೂ ಗೊತ್ತಿರುತ್ತದೆ.

2021ರಲ್ಲಿ ಶಾರ್ಜಾದ ಒಂದು ಬಟ್ಟೆ ಕಾರ್ಖಾನೆಗೆ ಹೋದರು. ಅಲ್ಲಿ ರೂಮಿನಲ್ಲಿ ಆರು ಜನ, ಒಳಗೆ ಸೇದುವಂತಿಲ್ಲ. ರೂಮಿನಲ್ಲಿದ್ದ ಒಬ್ಬ ಮಲಯಾಳಿ ಹುಡುಗ ತನ್ನ ಹಳೇ ವೇಪ್ ಕೊಟ್ಟ. ಅಲ್ಲಿ ಅದನ್ನು ಅಂಗಡಿಯಲ್ಲೇ ಮಾರುತ್ತಾರೆ, 2019ರಿಂದ ಕಾನೂನು ಒಪ್ಪಿದೆ. ಮಾಸ್ಟರ್ ಅದಕ್ಕೆ ‘ಪೆನ್ನು’ ಅನ್ನುತ್ತಿದ್ದರು. ಮೊದಲ ಎರಡು ವಾರ ಎರಡೂ ನಡೆಯಿತು. ಆಮೇಲೆ ಒಂದು ದಿನ ಸಿಗರೇಟ್ ಹಚ್ಚಿದರೆ ವಾಸನೆಯೇ ಹಿಡಿಸಲಿಲ್ಲವಂತೆ. ಅಲ್ಲಿಗೆ ನಿಂತಿತು. 2022ರ ಮಾರ್ಚ್‌ನಿಂದ 2023ರ ನವೆಂಬರ್‌ನಲ್ಲಿ ಊರಿಗೆ ಬರುವ ತನಕ ಒಂದೇ ಒಂದು ಸಿಗರೇಟ್ ಸೇದಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದ್ದದ್ದು ಕಡಿಮೆಯಾಯಿತು. ಬೆಳಗಿನ ಕೆಮ್ಮು ಹೋಯಿತು. ಮನೆಯವರು ಫೋನಿನಲ್ಲೇ ಗುರುತು ಹಿಡಿದರಂತೆ, ‘ಮಾತಾಡುವಾಗ ಈಗ ಕೆಮ್ಮೋದಿಲ್ಲ ಇವ್ರು’ ಅಂತ.

ಬರುವಾಗ ಬ್ಯಾಗಿನಲ್ಲಿ ಪೆನ್ನು ತಂದರು. ಜೊತೆಗೆ ಅದಕ್ಕೆ ತುಂಬುವ ನಿಕೋಟಿನ್ ದ್ರವದ, ಅವರ ಮಾತಲ್ಲಿ ‘ಎಣ್ಣೆ’ಯ, 30 ಮಿಲಿಯ ನಾಲ್ಕು ಸೀಸೆ. ಇಲ್ಲಿಗೆ ಅದನ್ನು ತರುವುದೇ ಅಪರಾಧ ಅಂತ ಅವರಿಗೆ ಗೊತ್ತಿರಲಿಲ್ಲ.

ಸೀಸೆ ಮೇಲಿನ ಮಾವಿನಹಣ್ಣು

2024ರ ಜನವರಿಯ ಒಂದು ಬೆಳಿಗ್ಗೆ. ಮನೆಯವರು ಒಲೆ ಮುಂದೆ ರೊಟ್ಟಿ ತಟ್ಟುತ್ತಿದ್ದರು. ಮಾಸ್ಟರ್ ಅವಸರದಲ್ಲಿ ಪೆನ್ನಿಗೆ ಎಣ್ಣೆ ತುಂಬಿ, ಸೀಸೆಯ ಮುಚ್ಚಳ ಸರಿಯಾಗಿ ತಿರುಗಿಸದೆ ಫ್ರಿಜ್ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದರು. ಆರು ವರ್ಷದ ಮಗಳು ಕುರ್ಚಿ ಎಳೆದುಕೊಂಡು ಹತ್ತಿದಳು. ಸೀಸೆ ಮೇಲೆ ಹೋಳು ಮಾಡಿದ ಮಾವಿನಹಣ್ಣಿನ ಚಿತ್ರ. ಅಂಗೈಗೆ ಎರಡು ಹನಿ ಬಿಟ್ಟುಕೊಂಡು ಮೂಸಿ ನೋಡಿ, ‘ಅಮ್ಮಾ, ಮಾವಿನಹಣ್ಣಿನ ರಸ!’ ಅಂದಳು. ತಾಯಿ ಹಿಟ್ಟಿನ ಕೈಯಲ್ಲೇ ಓಡಿಬಂದು ಅಂಗೈ ಹಿಡಿದುಕೊಂಡರು. ಇನ್ನೂ ನೆಕ್ಕಿರಲಿಲ್ಲ. ನಲ್ಲಿಯ ಕೆಳಗೆ ಹಿಡಿದು ಸೋಪು ಹಚ್ಚಿ ತೊಳೆದರು.

ಆ ಸೀಸೆಯಲ್ಲಿ ಆಗ 10 ಮಿಲಿಯಷ್ಟು ಉಳಿದಿತ್ತು. ಚೀಟಿ ಮೇಲೆ ಒಂದು ಮಿಲಿಗೆ 20 ಮಿಲಿಗ್ರಾಂ ನಿಕೋಟಿನ್ ಅಂತ ಬರೆದಿತ್ತು. ಅಂದರೆ ಉಳಿದದ್ದರಲ್ಲೇ 200 ಮಿಲಿಗ್ರಾಂ. ಅಷ್ಟೆಲ್ಲ ಬೇಡ, ಅದರಲ್ಲಿ ಸ್ವಲ್ಪ ಹೊಟ್ಟೆಗೆ ಹೋದರೂ ಮಗುವಿಗೆ ವಾಂತಿ, ನಡುಕ, ಫಿಟ್ಸ್, ಉಸಿರಾಟದ ತೊಂದರೆ ಆಗಬಹುದು. ಚರ್ಮದ ಮೂಲಕವೂ ಅದು ಒಳಗೆ ಇಳಿಯುತ್ತದೆ. ಸಿಗರೇಟ್ ಸೇದುವವರ ಮನೆಯಲ್ಲಿ ಹೊಗೆಯ ಭಯ ಇರುತ್ತದೆ. ಇಂಥ ಸೀಸೆಯ ಭಯ ನಮಗೆ ಹೊಸದು. ಮಗು ಏನಾದರೂ ಕುಡಿದಿದ್ದರೆ ವಾಂತಿ ಮಾಡಿಸುತ್ತಾ ಕೂರಬೇಡಿ, ಸೀಸೆ ಸಮೇತ ನೇರ ಆಸ್ಪತ್ರೆಗೆ ಓಡಿ.

ಮಾರನೇ ದಿನವೇ ಗಂಡ ಹೆಂಡತಿ ಇಬ್ಬರೂ ನನ್ನ ಮುಂದೆ ಕೂತಿದ್ದರು.

ಮೊದಲ ಭೇಟಿ

ನಮ್ಮಲ್ಲಿ ಒಂದು ಸಣ್ಣ ಮೀಟರ್ ಇದೆ. ಉಸಿರು ಬಿಗಿಹಿಡಿದು ನಿಧಾನವಾಗಿ ಊದಿದರೆ ಉಸಿರಿನಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಎಷ್ಟು ಅಂತ ತೋರಿಸುತ್ತದೆ. ಯಾವುದೇ ಎಲೆ, ಕಾಗದ, ಕಟ್ಟಿಗೆ ಸುಟ್ಟರೆ ಬರುವ ಅನಿಲ ಅದು. ಸೇದದವರಲ್ಲಿ ಸಾಮಾನ್ಯವಾಗಿ 6ಕ್ಕಿಂತ ಕಡಿಮೆ ಇರುತ್ತದೆ. ಚೆನ್ನಾಗಿ ಸೇದುವವರಲ್ಲಿ 15, 20, 30. ಮಾಸ್ಟರ್ ಊದಿದರು. 3 ತೋರಿಸಿತು.

ಆ 3 ನನಗೆ ಎಲ್ಲವನ್ನೂ ಹೇಳುತ್ತಿತ್ತು. ಈ ಮನುಷ್ಯ ಸುಳ್ಳು ಹೇಳುತ್ತಿಲ್ಲ, ನಿಜವಾಗಿಯೂ ಸಿಗರೇಟ್ ಬಿಟ್ಟಿದ್ದಾರೆ, ಇವರ ಒಳಗೆ ಹೊಗೆ ಹೋಗುತ್ತಿಲ್ಲ ಅಂತ. ನಾನು ಆ ಅಂಕಿ ಬರೆದುಕೊಂಡೆ, ಓದಲಿಲ್ಲ.

‘ಮೇಡಮ್, ಸಿಗರೇಟ್ ಬಿಟ್ಟೀನ್ರೀ. ಇದೊಂದು ಬಿಡಾಕ ಆಗವಲ್ದು’ ಅಂದರು ಮಾಸ್ಟರ್.

ನಿನ್ನೆಯ ಸೀಸೆಯ ಕಥೆ ಕೇಳಿ ನನಗೂ ಎದೆ ಝಲ್ಲೆಂದಿತ್ತು. ಮನೆಯವರು ಅಳುತ್ತಿದ್ದರು. ನಾನು ಹೇಳಿದೆ, ‘ಮಾಸ್ಟರ್, ಅದೂ ವಿಷ, ಇದೂ ವಿಷ. ಎರಡೂ ಒಂದೇ. ಇವತ್ತೇ ಬಿಸಾಕಿ.’ ಅವರು ನನ್ನ ಮಾತಿಗೆ ಬೆಲೆ ಕೊಟ್ಟರು. ಉಳಿದಿದ್ದ ಎಣ್ಣೆ, ಪೆನ್ನು ಎರಡನ್ನೂ ಅವತ್ತೇ ಮನೆಯಿಂದ ಹೊರಗೆ ಹಾಕಿದರು. ಒಂದು ವಾರ ಬಿಟ್ಟು ಬನ್ನಿ ಅಂತ ಹೇಳಿ ಕಳಿಸಿದೆ. ಚಟ ಬಿಡುವವರಿಗೆ ಕೊಡುವ ನಿಕೋಟಿನ್ ಚ್ಯೂಯಿಂಗ್ ಗಮ್ ಒಂದನ್ನು ಕೂಡ ಕೈಗೆ ಕೊಡಲಿಲ್ಲ.

ಸಿಗರೇಟ್ ಸೇದುವವರಿಗೆ ಮೊದಲ ದಿನವೇ ನಾವು ಕೇಳುವ ಆರು ಪ್ರಶ್ನೆಗಳಿವೆ. ಫಾಗರ್‌ಸ್ಟ್ರಾಮ್ ಪರೀಕ್ಷೆ ಅಂತ ಹೆಸರು, 10 ಅಂಕಕ್ಕೆ. ಅದರಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು, ಬೆಳಿಗ್ಗೆ ಎದ್ದ ಎಷ್ಟು ನಿಮಿಷಕ್ಕೆ ಮೊದಲನೆಯದು ಸೇದುತ್ತೀರಿ ಅನ್ನುವುದು. ಐದು ನಿಮಿಷದೊಳಗೆ ಅಂದರೆ ಅದೊಂದಕ್ಕೇ 3 ಅಂಕ. ಮಾಸ್ಟರ್ ಈಗ ಸಿಗರೇಟ್ ಸೇದುತ್ತಿಲ್ಲವಲ್ಲ ಅಂತ ನಾನು ಅದನ್ನು ಕೇಳಲೇ ಇಲ್ಲ. ಕೇಳಿದ್ದರೆ ಗೊತ್ತಾಗುತ್ತಿತ್ತು. ಅವರು ಕಣ್ಣು ಬಿಡುವ ಮೊದಲೇ ದಿಂಬಿನ ಕೆಳಗೆ ಕೈ ಹಾಕಿ ಪೆನ್ನು ಹುಡುಕುತ್ತಿದ್ದರು. ದಿನಕ್ಕೆ 2 ಮಿಲಿ ಎಣ್ಣೆ ಖಾಲಿಯಾಗುತ್ತಿತ್ತು. ಅದರಲ್ಲಿ 40 ಮಿಲಿಗ್ರಾಂ ನಿಕೋಟಿನ್. ಅಷ್ಟೂ ಮೈಗೆ ಇಳಿಯುವುದಿಲ್ಲ, ನಿಜ. ಆದರೆ ಒಂದು ಸಿಗರೇಟಿನಿಂದ ಮೈಗೆ ಇಳಿಯುವುದು ಒಂದು, ಒಂದೂವರೆ ಮಿಲಿಗ್ರಾಂ ಅಂತ ನೆನಪಿಟ್ಟುಕೊಂಡರೆ, ಇವರ ಮೈ ಎಷ್ಟು ಕೇಳುತ್ತಿತ್ತು ಅಂತ ಊಹಿಸಬಹುದು. ಹೊಗೆ ಹೋಗಿತ್ತು. ನಿಕೋಟಿನ್‌ನ ಹಿಡಿತ ಹಾಗೇ ಇತ್ತು. ನಾನು ಆ ಹಿಡಿತವನ್ನು ಏನೂ ಆಸರೆ ಕೊಡದೆ ಒಮ್ಮೆಲೇ ಕಿತ್ತುಬಿಟ್ಟೆ.

ಮೂರನೇ ದಿನ

ನಿಕೋಟಿನ್ ಮೈಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ. ಸುಮಾರು ಎರಡು ಗಂಟೆಗೊಮ್ಮೆ ರಕ್ತದಲ್ಲಿ ಅರ್ಧಕ್ಕರ್ಧ ಇಳಿಯುತ್ತದೆ. ಬಿಟ್ಟವರಿಗೆ ಎರಡನೇ ಮೂರನೇ ದಿನ ಕಷ್ಟ ಜಾಸ್ತಿ. ಸಿಟ್ಟು, ಚಡಪಡಿಕೆ, ತಲೆ ಒಂದು ಕಡೆ ನಿಲ್ಲುವುದಿಲ್ಲ, ನಿದ್ದೆ ಬರುವುದಿಲ್ಲ. ಮೂರು ನಾಲ್ಕು ವಾರದಲ್ಲಿ ಹೆಚ್ಚುಕಡಿಮೆ ತಣ್ಣಗಾಗುತ್ತದೆ. ಪುಸ್ತಕದಲ್ಲಿ ಓದುವಾಗ ‘ಗಮನ ಕೇಂದ್ರೀಕರಿಸಲು ತೊಂದರೆ’ ಅಂತ ಒಂದು ಸಾಲು ಇರುತ್ತದೆ. ಕಟಿಂಗ್ ಮೇಜಿನ ಮುಂದೆ ಆ ಸಾಲಿಗೆ ಏನರ್ಥ ಅಂತ ಆಮೇಲೆ ಮಾಸ್ಟರ್ ಬಾಯಿಂದ ಕೇಳಿದೆ.

ಮೂರನೇ ದಿನ ಮಧ್ಯಾಹ್ನ ಅವರು ಮಷಿನ್ ಹಿಡಿದಿದ್ದರು. ತೊಡೆಯ ಭಾಗದ ಗೆರೆ, ಸ್ವಲ್ಪ ಬಾಗಿ ಹೋಗುವಂಥದ್ದು. ಸಾವಿರಾರು ಸಲ ಕತ್ತರಿಸಿದ ಗೆರೆ. ಕಣ್ಣು ಗೆರೆಯ ಮೇಲೇ ಇತ್ತಂತೆ, ಮನಸ್ಸು ಎಲ್ಲೋ ಹೋಯಿತಂತೆ. ಬ್ಲೇಡು ಗೆರೆ ಬಿಟ್ಟು ಒಳಗೆ ನುಗ್ಗಿತು. ಒಂದು ಪದರ ಹಾಳಾದರೆ ಒಂದು ಪ್ಯಾಂಟ್. ಇಲ್ಲಿ ನಲವತ್ತೂ ಹೋದವು. ಎಡಗೈ ತಪ್ಪಿಸಿಕೊಂಡಿದ್ದು ಪುಣ್ಯ. ಮಾಲೀಕರು ಏನೂ ಅನ್ನಲಿಲ್ಲವಂತೆ, ಸುಮ್ನೆ ಬಟ್ಟೆ ಎತ್ತಿ ನೋಡಿ ಕೆಳಗಿಟ್ಟರಂತೆ. ಅದೇ ಇವರಿಗೆ ತಡೆಯಲಿಲ್ಲ. ಎದುರಿನ ಡಬ್ಬಿ ಅಂಗಡಿಗೆ ಹೋದರು.

‘ಅಲ್ರೀ ಮೇಡಮ್, ನೀವೇ ಹೇಳಿದ್ರಲ್ಲ ಎರಡೂ ಒಂದೇ ಅಂತ? ಪೆನ್ನು ಸಿಗೋದಿಲ್ಲ, ಸಿಗರೇಟ್ ಎದುರಿಗೇ ಐತೆ. ಎರಡೂ ಒಂದೇ ಆದ್ಮೇಲೆ ಯಾವ್ದಾದ್ರೇನು ಅಂತ ಹಚ್ಚಿದೆ.’

ಈ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ. ಅವರ ಲೆಕ್ಕ ಸರಿಯಾಗಿಯೇ ಇತ್ತು. ನಾನು ಆಡಿದ ಮಾತು ತಪ್ಪಾಗಿತ್ತು.

ಅವರು ವಾರಕ್ಕೆ ಬರಲಿಲ್ಲ. ಹನ್ನೆರಡನೇ ದಿನ ಮನೆಯವರು ಫೋನ್ ಮಾಡಿದರು. ಮಾಸ್ಟರ್ ಬಂದು ಮೀಟರ್ ಊದಿದಾಗ 19. ದಿನಕ್ಕೆ 16 ಸಿಗರೇಟ್ ಆಗಿತ್ತು. ನಡುವೆ ಯಾರೋ ಸ್ನೇಹಿತರು ಮೊಬೈಲ್ ಕವರ್ ಮಾರುವ ಒಂದು ಅಂಗಡಿಯಿಂದ ಗುಟ್ಟಾಗಿ, ಒಮ್ಮೆ ಬಳಸಿ ಬಿಸಾಡುವಂಥ ವೇಪ್ ತಂದುಕೊಟ್ಟಿದ್ದರಂತೆ. ಎರಡು ದಿನ ಸೇದಿದರು, ಗಂಟಲು ಉರಿಯಿತು, ತಲೆ ತಿರುಗಿತು. ಅದರ ಮೇಲೆ ಇಂಗ್ಲಿಷಿನಲ್ಲಿ ಬರೆದದ್ದು ಬಿಟ್ಟರೆ ಒಳಗೇನಿತ್ತು ಅಂತ ಹೇಳುವವರು ಯಾರೂ ಇಲ್ಲ.

ಹಾಗಾದರೆ ನಿಜ ಏನು

ಎರಡನೇ ಸಲ ಬಂದಾಗ ನಾನು ಮೊದಲು ಮಾಡಿದ ಕೆಲಸ, ಅವರ ಕ್ಷಮೆ ಕೇಳಿದ್ದು. ಆಮೇಲೆ ಇಬ್ಬರನ್ನೂ ಕೂರಿಸಿ ಗೊತ್ತಿದ್ದಷ್ಟನ್ನು ಗೊತ್ತಿದ್ದ ಹಾಗೇ ಹೇಳಿದೆ. ಇಲ್ಲೂ ಅದನ್ನೇ ಬರೆಯುತ್ತೇನೆ.

ಸಿಗರೇಟಿನಲ್ಲಿ ಕೊಲ್ಲುವುದು ಮುಖ್ಯವಾಗಿ ಹೊಗೆ. ಎಲೆ ಸುಟ್ಟಾಗ ಬರುವ ಟಾರು, ಕಾರ್ಬನ್ ಮೊನಾಕ್ಸೈಡ್, ಕ್ಯಾನ್ಸರ್ ತರುವ ಹತ್ತಾರು ರಾಸಾಯನಿಕ. ನಿಕೋಟಿನ್ ಚಟ ಹಿಡಿಸುತ್ತದೆ, ಮತ್ತೆ ಮತ್ತೆ ಆ ಹೊಗೆಯ ಹತ್ತಿರ ಕರೆತರುತ್ತದೆ. ವೇಪ್‌ನಲ್ಲಿ ಏನೂ ಸುಡುವುದಿಲ್ಲ. ಗ್ಲಿಸರಿನ್‌ನಂಥ ದ್ರವಗಳಲ್ಲಿ ನಿಕೋಟಿನ್, ಪರಿಮಳ ಬೆರೆಸಿರುತ್ತಾರೆ, ಬ್ಯಾಟರಿಯಿಂದ ಬಿಸಿಯಾಗುವ ತಂತಿ ಅದನ್ನು ಆವಿ ಮಾಡುತ್ತದೆ. ಆ ಆವಿ ಬರೀ ನೀರಿನ ಆವಿಯಲ್ಲ. ಅದರಲ್ಲೂ ಕೆರಳಿಸುವ ರಾಸಾಯನಿಕಗಳಿವೆ, ತಂತಿಯಿಂದ ಬರುವ ಲೋಹದ ಕಣಗಳಿವೆ. ಆದರೆ ಸಿಗರೇಟಿನ ಹೊಗೆಗೆ ಹೋಲಿಸಿದರೆ ವಿಷ ಬಹಳ ಕಡಿಮೆ. ಅದಕ್ಕೇ ಮಾಸ್ಟರ್ ಮೀಟರ್‌ನಲ್ಲಿ 3 ಬಂದದ್ದು. ಹಾಗಂತ ನಲವತ್ತು ವರ್ಷ ವೇಪ್ ಸೇದಿದವರ ಶ್ವಾಸಕೋಶ ಹೇಗಿರುತ್ತದೆ ಅಂತ ಲೋಕದಲ್ಲಿ ಯಾರೂ ನೋಡಿಲ್ಲ. ಚೀನಾದ ಹೋನ್ ಲಿಕ್ ಅನ್ನುವ ಔಷಧ ತಜ್ಞರು ಈಗಿನ ರೂಪದ ಇ-ಸಿಗರೇಟ್ ಮಾಡಿದ್ದೇ 2003ರ ಸುಮಾರಿಗೆ.

‘ಇಂಗ್ಲೆಂಡಿನ್ಯಾಗ ಡಾಕ್ಟರೇ ಕೊಡ್ತಾರಂತಲ್ರೀ?’ ಅಂತ ಮಾಸ್ಟರ್ ಕೇಳಿದರು. ವಾಟ್ಸಾಪಿನಲ್ಲಿ ನೋಡಿದ್ದರಂತೆ. ಪೂರ್ತಿ ಸುಳ್ಳಲ್ಲ. ಅಲ್ಲಿ ಸಿಗರೇಟ್ ಬಿಡಲು ಬರುವ ದೊಡ್ಡವರಿಗೆ ಆರೋಗ್ಯ ಕೇಂದ್ರದವರೇ ವೇಪ್ ಸೂಚಿಸುತ್ತಾರೆ. 2019ರಲ್ಲಿ ಅಲ್ಲಿಂದ ಬಂದ ಒಂದು ದೊಡ್ಡ ಅಧ್ಯಯನವಿದೆ. 886 ಜನರನ್ನು ಎರಡು ಗುಂಪು ಮಾಡಿ ಒಂದಕ್ಕೆ ವೇಪ್, ಇನ್ನೊಂದಕ್ಕೆ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್ ಇಂಥವು. ಜೊತೆಗೆ ಎಲ್ಲರಿಗೂ ವಾರ ವಾರ ಸಮಾಲೋಚನೆ. ಒಂದು ವರ್ಷದ ನಂತರ ಸಿಗರೇಟ್ ಬಿಟ್ಟು ಉಳಿದವರು ವೇಪ್ ಗುಂಪಿನಲ್ಲಿ ನೂರಕ್ಕೆ 18, ಇನ್ನೊಂದರಲ್ಲಿ ಸುಮಾರು 10. ಆದರೆ ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನು ವಾಟ್ಸಾಪಿನವರು ಹಾಕಿರಲಿಲ್ಲ. ವೇಪ್‌ನಿಂದ ಸಿಗರೇಟ್ ಬಿಟ್ಟವರಲ್ಲಿ ನೂರಕ್ಕೆ 80 ಜನ ವರ್ಷದ ನಂತರವೂ ವೇಪ್ ಹಿಡಿದೇ ಇದ್ದರು. ಗಮ್, ಪ್ಯಾಚ್‌ನಿಂದ ಬಿಟ್ಟವರಲ್ಲಿ ಅವನ್ನು ಇನ್ನೂ ಹಿಡಿದಿದ್ದವರು ನೂರಕ್ಕೆ 9 ಮಾತ್ರ. ಮಾಸ್ಟರ್ ಆ 80ರಲ್ಲಿ ಒಬ್ಬರು. ಇಂಗ್ಲೆಂಡಿನಲ್ಲಿ ಅವರು ಆ 80ರಲ್ಲೇ ಇದ್ದು ಬದುಕಬಹುದು, ಯಾಕೆಂದರೆ ಅಂಗಡಿಯಲ್ಲಿ ಸಿಗುತ್ತದೆ, ಒಂದು ಮಿಲಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ಇರಬಾರದು ಅಂತ ಮಿತಿಯೂ ಇದೆ. ಬಳ್ಳಾರಿಯಲ್ಲಿ ಆಗುವುದಿಲ್ಲ.

ಕರ್ನಾಟಕ 2016ರಲ್ಲೇ ಇ-ಸಿಗರೇಟ್ ನಿಷೇಧಿಸಿತು. 2019ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ಇಡೀ ದೇಶಕ್ಕೆ ಸುಗ್ರೀವಾಜ್ಞೆ ತಂದಿತು, ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಸುವುದು, ಹೊರಗಿನಿಂದ ತರುವುದು, ಸಾಗಿಸುವುದು, ಮಾರುವುದು, ಜಾಹೀರಾತು ಕೊಡುವುದು ಎಲ್ಲವೂ ಅಪರಾಧ. ಮೊದಲ ಸಲಕ್ಕೆ ಒಂದು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ ಅಥವಾ ಎರಡೂ. ದಾಸ್ತಾನು ಇಟ್ಟರೆ ಆರು ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ ಅಥವಾ ಎರಡೂ. ಸೇದಿದವನಿಗೆ ಶಿಕ್ಷೆ ಅಂತ ಕಾಯ್ದೆಯಲ್ಲಿಲ್ಲ. ಆದರೆ ಗಾಳಿಯಿಂದ ಪೆನ್ನು ತುಂಬುವುದಿಲ್ಲವಲ್ಲ. ಶಾರ್ಜಾದಿಂದ ಯಾರಾದರೂ ತರಬೇಕು, ಇಲ್ಲವೇ ಕದ್ದು ಮಾರುವವರಿಂದ ಕೊಳ್ಳಬೇಕು. ಕದ್ದು ಮಾರುವುದರಲ್ಲಿ ಏನು ಬೆರೆತಿದೆ ಅಂತ ಹೇಗೆ ನಂಬುವುದು? 2019-20ರಲ್ಲಿ ಅಮೆರಿಕದಲ್ಲಿ ವೇಪ್‌ನಿಂದ ಶ್ವಾಸಕೋಶ ಕೆಟ್ಟು 2,800ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು, 68 ಜನ ಸತ್ತರು. ಅದಕ್ಕೆ ಮುಖ್ಯ ಕಾರಣ ಅಂಗಡಿಯ ನಿಕೋಟಿನ್ ವೇಪ್ ಅಲ್ಲ, ಕಳ್ಳಮಾರ್ಗದಲ್ಲಿ ಸಿಗುತ್ತಿದ್ದ ಗಾಂಜಾ ಎಣ್ಣೆಯ ವೇಪ್‌ಗಳಿಗೆ ಬೆರೆಸಿದ್ದ ವಿಟಮಿನ್ ಇ ಅಸಿಟೇಟ್ ಅನ್ನುವ ವಸ್ತು.

‘ಮಾಸ್ಟರ್, ಪೆನ್ನು ನಿಮ್ಮನ್ನ ಸಿಗರೇಟಿನಿಂದ ದೂರ ಇಟ್ಟಿತ್ತು, ಅದು ನಿಜ. ನಾನು ಎರಡೂ ಒಂದೇ ಅಂದದ್ದು ತಪ್ಪು. ಆದರೆ ಇಲ್ಲಿ ಅದನ್ನ ನಂಬಿ ನಿಲ್ಲೋಕಾಗಲ್ಲ. ಕಾನೂನು ಪ್ರಕಾರ, ಮೆಡಿಕಲ್ ಶಾಪಿನಲ್ಲಿ ದಿನಾ ಸಿಗೋ ಬೇರೆ ಏನಾದ್ರೂ ನಿಮ್ಮ ಕೈಯಲ್ಲಿರಬೇಕು’ ಅಂದೆ. ಮಾಸ್ಟರ್‌ಗಿಂತ ಮೊದಲು ಮನೆಯವರು ತಲೆಯಾಡಿಸಿದರು.

ಟೀ, ಒಗ್ಗಾಣಿ, ಗಮ್

ನಮ್ಮ ವೈದ್ಯರು ನೋಡಿ ಮೊದಲು ಪ್ಯಾಚ್ ಕೊಟ್ಟರು. ಚರ್ಮಕ್ಕೆ ಅಂಟಿಸಿದರೆ ದಿನವಿಡೀ ಸ್ವಲ್ಪ ಸ್ವಲ್ಪ ನಿಕೋಟಿನ್ ಒಳಗಿಳಿಯುತ್ತದೆ. ಒಳ್ಳೆಯ ಔಷಧ. ಆದರೆ ತಗಡಿನ ಚಾವಣಿ, ಕೆಳಗೆ ಮಷಿನ್ ಕಾವು. ಬಳ್ಳಾರಿಯಲ್ಲಿ ಫೆಬ್ರುವರಿಯಲ್ಲೇ ಬೆವರು. ಮಧ್ಯಾಹ್ನದ ಹೊತ್ತಿಗೆ ಪ್ಯಾಚ್ ತೋಳಿನಿಂದ ಕಿತ್ತುಬಂದು ಅಂಗಿಗೆ ಅಂಟಿರುತ್ತಿತ್ತು. ಒಂದು ವಾರ ನೋಡಿ 4 ಮಿಲಿಗ್ರಾಂ ಗಮ್‌ಗೆ ಬದಲಿಸಿದರು. ಎದ್ದ ಅರ್ಧ ಗಂಟೆಯೊಳಗೆ ಸೇದುವವರಿಗೆ 4, ಉಳಿದವರಿಗೆ 2, ಅದು ಸಾಮಾನ್ಯ ಲೆಕ್ಕ. 2 ಮಿಲಿಗ್ರಾಂನದ್ದು ಮೆಡಿಕಲ್ ಶಾಪಿನಲ್ಲಿ ಚೀಟಿ ಇಲ್ಲದೆಯೂ ಸಿಗುತ್ತದೆ, 4ಕ್ಕೆ ವೈದ್ಯರ ಚೀಟಿ ಬೇಕು.

ಗಮ್ ಅಂದರೆ ಸುಮ್ನೆ ಜಗಿಯುವುದಲ್ಲ. ಇಲ್ಲೇ ಬಹಳ ಜನ ಸೋಲುತ್ತಾರೆ. ನಾಲ್ಕೈದು ಸಲ ನಿಧಾನವಾಗಿ ಜಗಿಯಬೇಕು, ಖಾರ ಖಾರ ಅನ್ನಿಸಿದ ಕೂಡಲೇ ಕೆನ್ನೆ ಮತ್ತು ಒಸಡಿನ ನಡುವೆ ಇಟ್ಟು ಸುಮ್ಮನಿರಬೇಕು. ಖಾರ ಹೋದ ಮೇಲೆ ಮತ್ತೆ ಎರಡು ಸಲ ಜಗಿದು ಇನ್ನೊಂದು ಕೆನ್ನೆಗೆ. ಹೀಗೆ ಅರ್ಧ ಗಂಟೆ. ನಿಕೋಟಿನ್ ಒಳಗೆ ಹೋಗುವುದು ಬಾಯಿಯ ಚರ್ಮದಿಂದ, ಹೊಟ್ಟೆಯಿಂದಲ್ಲ. ಗಬಗಬ ಜಗಿದು ಉಗುಳು ನುಂಗಿದರೆ ಬಿಕ್ಕಳಿಕೆ, ಎದೆಯುರಿ. ಮಾಸ್ಟರ್ ಮೊದಲ ದಿನ ಹಾಗೇ ಮಾಡಿ, ‘ಇದು ನಂಗ ಆಗಿಬರಂಗಿಲ್ರೀ’ ಅಂದರು. ಎದುರಿಗೆ ಕೂತು, ಗಡಿಯಾರ ನೋಡುತ್ತಾ, ಒಂದು ಗಮ್ ಪೂರ್ತಿ ಮುಗಿಸುವಂತೆ ಮಾಡಿದೆ.

ಇನ್ನೊಂದು ಸಂಗತಿ ಬಾಯಿಯ ಹುಳಿ. ಟೀ, ಕಾಫಿ, ಹುಳಿ ಪದಾರ್ಥ, ತಂಪು ಪಾನೀಯ ಕುಡಿದ ಕಾಲು ಗಂಟೆಯೊಳಗೆ ಗಮ್ ಹಾಕಿದರೆ ಅದು ಸರಿಯಾಗಿ ಹಿಡಿಯುವುದಿಲ್ಲ. ಮಾಸ್ಟರ್‌ನ ದಿನ ಹೇಗೆ ಅಂದರೆ, ಬೆಳಿಗ್ಗೆ ಒಗ್ಗಾಣಿ ಮಿರ್ಚಿ, ಅದರ ಮೇಲೆ ಟೀ, ಟೀ ಮೇಲೆ ಸಿಗರೇಟ್. 11ಕ್ಕೆ ಟೀ, ಸಿಗರೇಟ್. 4ಕ್ಕೆ ಟೀ, ಸಿಗರೇಟ್. ಹೀಗೆ ದಿನಕ್ಕೆ ಹತ್ತು ಟೀ. ಸಿಗರೇಟಿನ ಜಾಗಕ್ಕೆ ಗಮ್ ಇಡಿ ಅಂದರೆ ಟೀ ಹಿಂದೆಯೇ ಗಮ್ ಬಾಯಿಗೆ ಹೋಗುತ್ತದೆ, ಕೆಲಸ ಮಾಡುವುದಿಲ್ಲ, ಆಮೇಲೆ ‘ಗಮ್ ಬರೀ ಬೂಸಿ’ ಅಂತ ಸಿಗರೇಟಿಗೇ ಕೈ ಹೋಗುತ್ತದೆ. ಅದಕ್ಕೆ ತಿರುಗಿಸಿ ಹಾಕಿದೆವು. ಟೀಗೆ ಮುಕ್ಕಾಲು ಗಂಟೆ ಮೊದಲೇ ಗಮ್. ಟೀ ಬರುವ ಹೊತ್ತಿಗೆ ಮೈ ಕೇಳುವುದು ಅರ್ಧ ಇಳಿದಿರುತ್ತದೆ. ಆಸೆಯಾದಾಗ ಹಾಕುವುದಲ್ಲ, ಆಸೆ ಬರುವ ಮೊದಲೇ ಗಡಿಯಾರ ನೋಡಿ ಹಾಕುವುದು. ಕಟಿಂಗ್ ಮೇಜಿನ ಮೇಲಿನ ಗೋಡೆಗೆ ಹೆಲ್ಪರ್ ಹುಡುಗನ ಕೈಯಲ್ಲಿ ಚಾಕ್‌ಪೀಸಿನಿಂದ ಗಂಟೆಗಳನ್ನು ಬರೆಸಿದರು. 7, 8.30, 10.15 ಹೀಗೆ ರಾತ್ರಿ 9ರವರೆಗೆ. ಆರಂಭದಲ್ಲಿ ದಿನಕ್ಕೆ 11 ಗಮ್.

ಟೀಯನ್ನೂ ಐದಕ್ಕೆ ಇಳಿಸಿದೆವು. ಇದರ ಕಾರಣ ಎಷ್ಟೋ ಜನರಿಗೆ ಗೊತ್ತಿಲ್ಲ. ಸಿಗರೇಟಿನ ಹೊಗೆಯಿಂದ ಪಿತ್ತಜನಕಾಂಗ ಕೆಫೀನನ್ನು ಬೇಗ ಬೇಗ ಕರಗಿಸುತ್ತಿರುತ್ತದೆ. ಹೊಗೆ ನಿಂತರೆ ಆ ವೇಗ ಇಳಿಯುತ್ತದೆ. ಅದೇ ಹತ್ತು ಟೀ ಕುಡಿದರೂ ಮೈಯಲ್ಲಿ ಕೆಫೀನ್ ಜಾಸ್ತಿ ಹೊತ್ತು ಉಳಿದು ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ನಿದ್ದೆ ಬರುವುದಿಲ್ಲ. ಜನ ಅದನ್ನು ಸಿಗರೇಟ್ ಬಿಟ್ಟಿದ್ದರ ತೊಂದರೆ ಅಂದುಕೊಂಡು ಮತ್ತೆ ಹಚ್ಚುತ್ತಾರೆ.

ಈ ಸಲ ಬಿಡುವ ದಿನವನ್ನು ಅವರೇ ಆರಿಸಿದರು. ಸೋಮವಾರ ಬೇಡ, ಸೋಮವಾರ ಹೊಸ ಆರ್ಡರ್ ಇರುತ್ತದೆ. ಶುಕ್ರವಾರ ಸಂಜೆಯಿಂದ ಬಿಟ್ಟರು. ಕಷ್ಟದ ಎರಡನೇ ಮೂರನೇ ದಿನ ಶನಿವಾರ, ಭಾನುವಾರ ಬಂದವು. ಮಾಲೀಕರಿಗೆ ವಿಷಯ ಹೇಳಿ ಶನಿವಾರ ಮಷಿನ್ ಮುಟ್ಟದೆ ಬಟ್ಟೆ ಹಾಸುವ ಕೆಲಸ ಮಾತ್ರ ಮಾಡಿದರು. ಇಷ್ಟು ಸಣ್ಣ ಏರ್ಪಾಡು ಮೊದಲ ಸಲವೇ ಮಾಡಿದ್ದರೆ ಆ ನಲವತ್ತು ಪದರ ಉಳಿಯುತ್ತಿತ್ತು.

ಮನೆಯವರು ಸಿಗರೇಟ್ ಪ್ಯಾಕಿನ ಮೇಲಿದ್ದ 1800-11-2356ಕ್ಕೂ ಒಂದು ಸಲ ಕರೆ ಮಾಡಿಸಿದರು. ಅದು ತಂಬಾಕು ಬಿಡುವವರ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೂ ಮಾತಾಡುತ್ತಾರೆ. ನಮ್ಮ ಕೇಂದ್ರ ಮುಚ್ಚಿರುವ ಹೊತ್ತಿನಲ್ಲಿ ಯಾರೋ ಒಬ್ಬರು ಸಿಗುತ್ತಾರೆ ಅನ್ನುವುದೇ ಅವರಿಗೆ ಧೈರ್ಯ.

ಆಮೇಲಿನ ತಿಂಗಳುಗಳು

ಎರಡು ವಾರಕ್ಕೆ ಮೀಟರ್ 4 ತೋರಿಸಿತು. ತಿಂಗಳಿಗೆ 2. ಏಪ್ರಿಲ್ ಬಿಸಿಲು ಹಾಗೇ ದಾಟಿತು.

ಮೇ ತಿಂಗಳಲ್ಲಿ ಸಿರುಗುಪ್ಪದ ಕಡೆ ನೆಂಟರ ಮದುವೆ. ರಾತ್ರಿ ಪೆಂಡಾಲ್ ಹಿಂದೆ ಭಾವಮೈದುನರು ಹಳೇ ಗೆಳೆಯರು ಸೇರಿದ್ದರು. ಒಂದು ಸಿಗರೇಟ್ ಸೇದಿದರು. ಅರ್ಧಕ್ಕೆ ಬಿಸಾಕಿದೆ ಅಂತಲೂ ಹೇಳಲಿಲ್ಲ, ಪೂರ್ತಿ ಸೇದಿದೆ ಅಂದರು. ಮಾರನೇ ದಿನ ಬೆಳಿಗ್ಗೆ ಬಸ್‌ಸ್ಟ್ಯಾಂಡಿನಿಂದಲೇ ನನಗೆ ಫೋನ್. ಮೊದಲ ಸಲ ಜಾರಿದಾಗ ಹನ್ನೆರಡು ದಿನ ಮುಖ ತೋರಿಸದ ಮನುಷ್ಯ ಈಗ ಹನ್ನೆರಡು ಗಂಟೆಯೊಳಗೆ ಫೋನ್ ಮಾಡಿದ್ದರು. ನನಗೆ ಆ ಸಿಗರೇಟಿಗಿಂತ ಈ ಫೋನು ದೊಡ್ಡದಾಗಿ ಕಂಡಿತು. ‘ಅಂಗಿ ಜೇಬಿನಲ್ಲಿ ಗಮ್ ಇತ್ತಾ?’ ಅಂತ ಕೇಳಿದೆ. ಮದುವೆಗೆ ಅಂತ ಹೊಸ ಅಂಗಿ ಹಾಕಿದ್ದರು, ಗಮ್ ಹಳೇ ಅಂಗಿಯಲ್ಲಿತ್ತು. ಅವತ್ತಿನಿಂದ ಮನೆಯವರು ಪ್ರತಿ ಅಂಗಿಯ ಜೇಬಿಗೂ ಎರಡೆರಡು ಹಾಕಿಟ್ಟರು.

ಗಮ್‌ನ ಪೊಟ್ಟಣದ ಲೆಕ್ಕ 12 ವಾರ. ಆರು ವಾರದ ನಂತರ ಕಡಿಮೆ ಮಾಡುತ್ತಾ ಬಂದು ನಿಲ್ಲಿಸಬೇಕು. ಮಾಸ್ಟರ್‌ಗೆ ಏಳು ತಿಂಗಳು ಹಿಡಿಯಿತು. ನಾನು ಅವಸರ ಮಾಡಲಿಲ್ಲ, ವೈದ್ಯರೂ ಮಾಡಲಿಲ್ಲ. ಗಮ್‌ಗೆ ಹೋಗುತ್ತಿದ್ದ ದುಡ್ಡು ಸಿಗರೇಟಿಗಿಂತ ಕಡಿಮೆ ಇತ್ತು. ಹೊಗೆ ಇಲ್ಲ. ಸೀಸೆಯೂ ಇಲ್ಲ, ಆದರೆ ಗಮ್ ಕೂಡ ಮಕ್ಕಳ ಕೈಗೆ ಸಿಗಬಾರದ್ದೇ, ಅದಕ್ಕೆ ಮನೆಯಲ್ಲಿ ಬೀರುವಿನೊಳಗೆ ಬೀಗ. 4ರಿಂದ 2ಕ್ಕೆ ಇಳಿದರು, 11ರಿಂದ 6, 3, 1. ಸೆಪ್ಟೆಂಬರ್‌ನಲ್ಲಿ ಗೋಡೆಯ ಮೇಲಿನ ಗಂಟೆಗಳನ್ನು ಅವರೇ ಒರೆಸಿದರು. ಜೇಬಿನಲ್ಲಿ ಒಂದು ಗಮ್ ಈಗಲೂ ಇರುತ್ತದೆ, ಜಗಿಯುವುದಿಲ್ಲ.

2025ರ ಫೆಬ್ರುವರಿಯಲ್ಲಿ, ಒಂದು ವರ್ಷದ ಭೇಟಿಗೆ ಬಂದಾಗ ಮೀಟರ್ 2. ಆ ದಿನ ಅವರು ಎದ್ದು ಹೊರಡುವಾಗ ಬಾಗಿಲಲ್ಲಿ ನಿಂತು ಹೇಳಿದರು, ‘ಮೇಡಮ್, ನಮ್ಮ ಹೆಲ್ಪರ್ ಹುಡುಗ, ಗ್ವಾಡಿ ಮ್ಯಾಲ ಟೈಮ್ ಬರದಾನಲ್ರೀ, ಅವನು. ಜೀವನದಾಗ ಸಿಗರೇಟ್ ಮುಟ್ಟಿಲ್ಲ. ಈಗ ಜೇಬಿನ್ಯಾಗ ಪೆನ್ನು ಇಟ್ಕೊಂಡಾನ. ಅವನಿಗೆ ಏನಂತ ಹೇಳ್ಲಿ? ಸಿಗರೇಟಿಗಿಂತ ವಾಸಿ ಅಂತ ನಾನೇ ಹೇಳಂಗಾತಲ್ಲ?’

ಮಾಸ್ಟರ್‌ಗೆ ಹೇಳಿದ ಮಾತು ಅವನಿಗೆ ಸಲ್ಲುವುದಿಲ್ಲ. ಇವರು ದಿನಕ್ಕೆ 20 ಸಿಗರೇಟಿನಿಂದ ಕೆಳಗಿಳಿದು ಪೆನ್ನಿಗೆ ಬಂದವರು. ಅವನು ಏನೂ ಇಲ್ಲದ ಕಡೆಯಿಂದ ಮೇಲಕ್ಕೆ ಹತ್ತಿದವನು. ‘ನೀವೇನೂ ಹೇಳಬೇಡಿ, ಕರ್ಕೊಂಡು ಬನ್ನಿ’ ಅಂದೆ.

ಮುಂದಿನ ಮಂಗಳವಾರ ಕರೆದುಕೊಂಡು ಬಂದರು. 19 ವರ್ಷ, ಬೆರಳುಗಳಿಗೆಲ್ಲ ಡೆನಿಮ್‌ನ ನೀಲಿ. ಮೀಟರ್ ಊದಿದ, 2 ಬಂತು. ಈ ಸಲ ನಾನು ಅಂಕಿ ಬರೆದು ಅಲ್ಲಿಗೇ ಬಿಡಲಿಲ್ಲ. ಬೆಳಿಗ್ಗೆ ಎದ್ದು ಎಷ್ಟು ಹೊತ್ತಿಗೆ ಮೊದಲ ದಮ್ ಅಂತ ಕೇಳಿದೆ. ಹುಡುಗ ಮಾಸ್ಟರ್ ಮುಖ ನೋಡಿದ. ಮಾಸ್ಟರ್ ಎದ್ದು ಹೊರಗೆ ಹೋಗಿ ಕೂತರು.

‘ಹಾಸಿಗ್ಯಾಗ್ರೀ ಮೇಡಮ್’ ಅಂದ.